ಅತ್ತಿಗೆಗೆ ಎಚ್‌ಐವಿ ಅಂತ ಗೊತ್ತಾಗಿದೆ, ಮನೆಯಲ್ಲಿ ತಟ್ಟೆ ಲೋಟ ಬೇರೆ ಮಾಡಿದ್ದಾರೆ. ಒಂದೇ ಮನೆಯಲ್ಲಿದ್ದರೆ ನಿಜವಾಗಿಯೂ ಹರಡುತ್ತಾ?

ವರದಾತೀರ
ಎಲ್ಲರಿಗೂ ನಮಸ್ಕಾರ. ನಾನು ಹಾವೇರಿ ಕಡೆಯವಳು. ಹೆಸರು ಹೇಳುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಅತ್ತಿಗೆ ಈಗ ಐದು ತಿಂಗಳ ಬಸುರಿ. ಬಸುರಿಯರಿಗೆ ಮಾಡುವ ರಕ್ತ ಪರೀಕ್ಷೆಯಲ್ಲಿ ಎಚ್‌ಐವಿ ಪಾಸಿಟಿವ್ ಬಂತು. ಮತ್ತೆ ಪರೀಕ್ಷೆ ಮಾಡಿ ಹೌದು ಅಂದರು. ಮಾತ್ರೆ ಶುರುವಾಗಿದೆ. ಅವತ್ತಿನಿಂದ ಮನೆಯಲ್ಲಿ ನೆಮ್ಮದಿ ಇಲ್ಲ. ಅವ್ವ ಅತ್ತಿಗೆಯ ತಟ್ಟೆ, ಲೋಟ, ಹಾಸಿಗೆ ಎಲ್ಲ ಬೇರೆ ಮಾಡಿದ್ದಾಳೆ. ರೊಟ್ಟಿ ಬಡಿಯಲು ಬಿಡುವುದಿಲ್ಲ. ಬಟ್ಟೆಗೆ ಬೇರೆ ಬಕೆಟ್. ನಾಲ್ಕು ವರ್ಷದ ಮಗ ಇದ್ದಾನೆ, ಅವನನ್ನು ತಾಯಿ ಪಕ್ಕ ಮಲಗಿಸುವುದಿಲ್ಲ. ಅವನು ಅಳುತ್ತಾನೆ, ಅತ್ತಿಗೆ ಆ ಕಡೆ ಅಳುತ್ತಾಳೆ.

"ತವರುಮನೆಯಿಂದಲೇ ತಂದಿದ್ದಾಳೆ" ಅಂತ ಅವ್ವನ ಮಾತು. ಅಣ್ಣ ಟೆಸ್ಟ್ ಮಾಡಿಸಿಕೊಳ್ಳಲು ಒಪ್ಪುತ್ತಿಲ್ಲ. "ನನಗೇನಾಗಿದೆ, ಗಟ್ಟಿಯಾಗಿದ್ದೇನೆ" ಅಂತಾನೆ. ಬಚ್ಚಲು, ಸೊಳ್ಳೆ, ಎಂಜಲು, ಇವುಗಳಿಂದ ಬರುತ್ತಾ? ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ. ಅವ್ವನಿಗೆ ಓದಿ ಹೇಳಬೇಕು.

ಪುಟ್ಟಗೌರಿ
ಬರುವುದಿಲ್ಲ ಅಕ್ಕ. ತಟ್ಟೆಯಿಂದಲೂ ಇಲ್ಲ, ಬಚ್ಚಲಿನಿಂದಲೂ ಇಲ್ಲ. ಮೊದಲು ಮಗುವನ್ನು ತಾಯಿ ಹತ್ತಿರ ಮಲಗಿಸಿ.

ಲ್ಯಾಬ್‌ಮೇಜು
ನಾನು ಸರ್ಕಾರಿ ಆಸ್ಪತ್ರೆಯ ಐಸಿಟಿಸಿಯಲ್ಲಿ ಲ್ಯಾಬ್ ಟೆಕ್ನೀಷಿಯನ್. ಐಸಿಟಿಸಿ ಅಂದರೆ ಎಚ್‌ಐವಿ ಪರೀಕ್ಷೆ ಮತ್ತು ಕೌನ್ಸೆಲಿಂಗ್ ಒಂದೇ ಕಡೆ ಉಚಿತವಾಗಿ ಸಿಗುವ ಜಾಗ. ದಿನಾ ಇದೇ ಪ್ರಶ್ನೆ ಕೇಳುತ್ತಾರೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಈ ವೈರಸ್ ಸೋಂಕಾಗುವಷ್ಟು ಪ್ರಮಾಣದಲ್ಲಿ ಇರುವುದು ರಕ್ತ, ವೀರ್ಯ, ಯೋನಿಯ ಸ್ರಾವ, ಗುದದೊಳಗಿನ ಸ್ರಾವ ಮತ್ತು ಎದೆಹಾಲಿನಲ್ಲಿ ಮಾತ್ರ. ಅದು ಇನ್ನೊಬ್ಬರ ದೇಹದ ಒಳಗೆ ಸೇರಬೇಕು. ಆ ದಾರಿಗಳೂ ಕಡಿಮೆಯೇ: ಕಾಂಡೋಮ್ ಇಲ್ಲದ ಲೈಂಗಿಕ ಸಂಪರ್ಕ, ಸೋಂಕಿರುವ ರಕ್ತ, ಒಬ್ಬರು ಬಳಸಿದ ಸೂಜಿಯನ್ನು ಇನ್ನೊಬ್ಬರು ಬಳಸುವುದು, ಮತ್ತೆ ತಾಯಿಯಿಂದ ಮಗುವಿಗೆ. ಎಂಜಲು, ಬೆವರು, ಕಣ್ಣೀರು, ಮೂತ್ರದಿಂದ ಬರುವುದಿಲ್ಲ. ವೈರಸ್ ದೇಹದ ಹೊರಗೆ ಬಂತೆಂದರೆ ಬೇಗ ಶಕ್ತಿ ಕಳೆದುಕೊಳ್ಳುತ್ತದೆ, ಸೋಪಿನ ನೀರಿಗೂ ತಡೆಯುವುದಿಲ್ಲ. ಅವರು ಬಡಿದ ರೊಟ್ಟಿ ತಿಂದರೆ, ಅವರ ಲೋಟದಲ್ಲಿ ನೀರು ಕುಡಿದರೆ, ಒಂದೇ ಬಕೆಟ್‌ನಲ್ಲಿ ಬಟ್ಟೆ ನೆನೆಸಿದರೆ ಏನೂ ಆಗುವುದಿಲ್ಲ.

ಬೇರೆ ಇಡಬೇಕಾದ್ದು ಎರಡೇ: ಬ್ಲೇಡ್ ಮತ್ತು ಹಲ್ಲುಜ್ಜುವ ಬ್ರಷ್. ರಕ್ತ ತಾಗುವ ವಸ್ತುಗಳು ಅನ್ನುವುದಕ್ಕೆ. ಇದು ಯಾವ ಮನೆಯಲ್ಲಾದರೂ ಹಾಗೇ ಇರಬೇಕು.

ಬಯಲುಸೀಮೆ
ಎಲ್ಲ ಸರಿ. ಆದರೆ ಸೊಳ್ಳೆ ರಕ್ತ ಹೀರಿ ಇನ್ನೊಬ್ಬರಿಗೆ ಕಚ್ಚುತ್ತದಲ್ಲ? ಮಲೇರಿಯಾ ಹಾಗೇ ತಾನೇ ಬರುವುದು? ಇದನ್ನು ಮಾತ್ರ ಯಾರೂ ಸರಿಯಾಗಿ ಹೇಳುವುದಿಲ್ಲ.

ಓದುಗ_ಶಿವಮೊಗ್ಗ
ಹೇಳುತ್ತೇನೆ ಕೇಳಿ. ಸೊಳ್ಳೆ ಕಚ್ಚಿದಾಗ ನಮ್ಮೊಳಗೆ ಬಿಡುವುದು ಅದರ ಜೊಲ್ಲನ್ನು, ಹಿಂದಿನವರ ರಕ್ತವನ್ನಲ್ಲ. ಹೀರುವ ನಳಿಕೆ ಬೇರೆ, ಜೊಲ್ಲು ಬಿಡುವ ನಳಿಕೆ ಬೇರೆ. ಮಲೇರಿಯಾ ಪರಾವಲಂಬಿ ಸೊಳ್ಳೆಯ ದೇಹದೊಳಗೇ ಬೆಳೆದು ಜೊಲ್ಲಿನ ಗ್ರಂಥಿಗೆ ಬರುತ್ತದೆ. ಡೆಂಗಿಯದ್ದೂ ಹಾಗೇ. ಎಚ್‌ಐವಿ ಬೆಳೆಯುವುದಕ್ಕೆ ಮನುಷ್ಯನ ರಕ್ತದ ಸಿಡಿ4 ಅನ್ನುವ ಬಿಳಿ ಕಣವೇ ಬೇಕು. ಸೊಳ್ಳೆಯಲ್ಲಿ ಅದಿಲ್ಲ. ಅದರ ಹೊಟ್ಟೆಯಲ್ಲಿ ರಕ್ತದ ಜೊತೆ ವೈರಸ್ಸೂ ಜೀರ್ಣವಾಗಿ ಹೋಗುತ್ತದೆ.

ಇನ್ನೊಂದು ನೋಡಿ. ಸೊಳ್ಳೆಯಿಂದ ಹರಡುವ ಹಾಗಿದ್ದರೆ ಶಾಲೆ ಮಕ್ಕಳು, ಮುದುಕರು ಎಲ್ಲರಲ್ಲೂ ಒಂದೇ ಥರ ಕಾಣಬೇಕಿತ್ತು. ಎಲ್ಲ ದೇಶಗಳಲ್ಲೂ ಹೆಚ್ಚಾಗಿ ಕಂಡಿದ್ದು ಲೈಂಗಿಕವಾಗಿ ಸಕ್ರಿಯರಾಗಿರುವ ವಯಸ್ಸಿನವರಲ್ಲಿ ಮತ್ತು ಸೋಂಕಿದ್ದ ತಾಯಂದಿರ ಮಕ್ಕಳಲ್ಲಿ.

ಬಯಲುಸೀಮೆ
ಸರಿ, ಇದು ಅರ್ಥವಾಯಿತು.

ನರ್ಸಕ್ಕ_ಕಲಬುರಗಿ
ವರದಾತೀರ, ನಿಮ್ಮ ಅವ್ವ "ತವರಿನಿಂದ ತಂದಳು" ಅನ್ನುವುದನ್ನು ಮೊದಲು ನಿಲ್ಲಿಸಬೇಕು. ನಾನು ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡಿದವಳು. ಬಸುರಿಯರಿಗೆ ಎಲ್ಲರಿಗೂ ಎಚ್‌ಐವಿ ಪರೀಕ್ಷೆ ಮಾಡುತ್ತೇವೆ. ಗಂಡಸರಿಗೆ ಅಂಥ ಒಂದು ಪರೀಕ್ಷೆ ತಾನಾಗಿ ಬರುವುದೇ ಇಲ್ಲ. ಹಾಗಾಗಿ ಎಷ್ಟೋ ಮನೆಗಳಲ್ಲಿ ಮೊದಲು ಗೊತ್ತಾಗುವುದು ಹೆಂಡತಿಯದ್ದು. ಮೊದಲು ಗೊತ್ತಾಯಿತು ಅಂದ ಮಾತ್ರಕ್ಕೆ ಮೊದಲು ಬಂತು ಅಂತಲ್ಲ. ಈ ಒಂದು ತಪ್ಪು ತಿಳಿವಳಿಕೆಯಿಂದ ಎಷ್ಟು ಹೆಣ್ಣುಮಕ್ಕಳು ಮನೆಯಿಂದ ಹೊರಗೆ ಬಿದ್ದಿದ್ದಾರೆ ಅಂತ ನೋಡಿದ್ದೇನೆ.

ಒಂದು ಕೇಳುತ್ತೇನೆ. ಮೊದಲ ಬಸಿರಿನ ತಾಯಿ ಕಾರ್ಡ್ ಮನೆಯಲ್ಲಿದೆಯಾ? ತೆಗೆದು ನೋಡಿ. ಆಗಲೂ ಎಚ್‌ಐವಿ ಪರೀಕ್ಷೆ ಆಗಿರುತ್ತದೆ, ಫಲಿತಾಂಶ ಬರೆದಿರುತ್ತಾರೆ.

ಕೃಷ್ಣಾತೀರ
ನರ್ಸಕ್ಕ ಹೇಳಿದ್ದು ನೂರಕ್ಕೆ ನೂರು ನಿಜ. ನಾವು ಬಾಗಲಕೋಟೆ ಕಡೆಯವರು. ಇಲ್ಲಿ, ಬೆಳಗಾವಿ ಕಡೆ ಒಂದು ಕಾಲದಲ್ಲಿ ಸೋಂಕು ಬಹಳ ಇತ್ತು. ಮುಂಬೈ, ಪುಣೆ, ಗೋವಾಗೆ ದುಡಿಯಲು ಹೋಗಿ ಬರುವವರು ಬಹಳ. ದೇವದಾಸಿ ಬಿಡುವ ಪದ್ಧತಿಗೆ 1982ರಲ್ಲೇ ಕಾನೂನು ಬಂದರೂ ಆ ಹೆಣ್ಣುಮಕ್ಕಳ ಬದುಕು ಸುಲಭಕ್ಕೆ ಬದಲಾಗಲಿಲ್ಲ. ಆಗ ಊರಿನ ಬಾಯಿಗೆ ಸಿಕ್ಕಿದ್ದೆಲ್ಲ ಹೆಂಗಸರೇ. ತಂದು ಕೊಟ್ಟವರ ಹೆಸರನ್ನು ಯಾರೂ ಎತ್ತಲಿಲ್ಲ. ಇಂದಿಗೂ ನೆನೆದರೆ ಸಿಟ್ಟು ಬರುತ್ತದೆ.

ಬಯಲುಸೀಮೆ
ಇದಕ್ಕೇ ನಾನು ಹೇಳುವುದು, ಮದುವೆಗೆ ಮುಂಚೆ ಇಬ್ಬರಿಗೂ ಟೆಸ್ಟ್ ಕಡ್ಡಾಯ ಮಾಡಬೇಕು. ಜಾತಕ ನೋಡುತ್ತಾರೆ, ರಕ್ತ ನೋಡುವುದಿಲ್ಲ.

ಲ್ಯಾಬ್‌ಮೇಜು
ಸ್ವಇಚ್ಛೆಯಿಂದ ಇಬ್ಬರೂ ಮಾಡಿಸಿಕೊಂಡರೆ ಒಳ್ಳೆಯದು, ನಾನೂ ಹೇಳುತ್ತೇನೆ. ಕಡ್ಡಾಯ ಮಾಡಿದರೆ ತೊಂದರೆ ಇದೆ. ಸೋಂಕು ತಗುಲಿದ ಕೂಡಲೇ ಪರೀಕ್ಷೆಯಲ್ಲಿ ಕಾಣುವುದಿಲ್ಲ. ಬೆರಳು ಚುಚ್ಚಿ ಮಾಡುವ ಸಾಮಾನ್ಯ ರ‍್ಯಾಪಿಡ್ ಟೆಸ್ಟ್‌ನಲ್ಲಿ ನೆಗೆಟಿವ್ ಅಂತ ನಂಬಲು 90 ದಿನ ಕಾಯಬೇಕು. ಲ್ಯಾಬಿನಲ್ಲಿ ಮಾಡುವ ನಾಲ್ಕನೇ ತಲೆಮಾರಿನ ಟೆಸ್ಟ್‌ಗೆ 45 ದಿನ. ಮದುವೆಗೆ ಮುಂಚೆ ನೆಗೆಟಿವ್ ಅಂತ ಚೀಟಿ ಇಟ್ಟುಕೊಂಡವನಿಗೆ ಮದುವೆ ಆದ ಮೇಲೆ ಬರಬಾರದು ಅಂತೇನಿಲ್ಲವಲ್ಲ. ಆ ಚೀಟಿ ಒಂದು ದಿನದ ಲೆಕ್ಕ.

ಬಯಲುಸೀಮೆ
ಆದರೂ ಗೊತ್ತಿದ್ದೂ ಮುಚ್ಚಿಟ್ಟು ಮದುವೆ ಮಾಡುವವರಿದ್ದಾರಲ್ಲ ಸರ್, ಅವರನ್ನಾದರೂ ತಡೆಯಬಹುದು. ಹೆಣ್ಣಿನ ಕಡೆಯವರು ಕೇಳಿದರೆ ಅವಮಾನ ಅಂತಾರೆ, ಕಾನೂನು ಇದ್ದರೆ ಯಾರೂ ಅವಮಾನ ಅನ್ನುವುದಿಲ್ಲ.

ಕಾನೂನು_ಕಟ್ಟೆ
ವಾದದಲ್ಲಿ ತಿರುಳಿದೆ. ಆದರೆ ಈಗಿನ ಕಾನೂನು ಬೇರೆ ದಾರಿ ಹಿಡಿದಿದೆ. ಎಚ್‌ಐವಿ ಮತ್ತು ಏಡ್ಸ್ ತಡೆ ಹಾಗೂ ನಿಯಂತ್ರಣ ಕಾಯ್ದೆ 2017ರದ್ದು, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ. ಕೆಲಸ ಕೊಡಲು, ಶಾಲೆಗೆ ಸೇರಿಸಲು ಪರೀಕ್ಷೆ ಕೇಳುವಂತಿಲ್ಲ. ಒಬ್ಬರ ಫಲಿತಾಂಶವನ್ನು ಅವರ ಒಪ್ಪಿಗೆ ಇಲ್ಲದೆ ಬಯಲು ಮಾಡುವಂತಿಲ್ಲ.

ಹಾಗಂತ ಸೋಂಕಿದ್ದವರ ಮೇಲೆ ಹೊಣೆ ಇಲ್ಲ ಅಂತಲ್ಲ. ಗೊತ್ತಿದ್ದವರು ಇನ್ನೊಬ್ಬರಿಗೆ ಹರಡದ ಹಾಗೆ ನೋಡಿಕೊಳ್ಳಬೇಕು ಅಂತಲೂ ಅದೇ ಕಾಯ್ದೆಯಲ್ಲಿದೆ.

ವರದಾತೀರ ಅವರೇ, ನಿಮಗೆ ಬೇಕಾದ್ದು ಇದು: ಸೋಂಕಿದೆ ಅನ್ನುವ ಕಾರಣಕ್ಕೆ ಒಬ್ಬರನ್ನು ಅವರು ವಾಸವಿರುವ ಮನೆಯಿಂದ ಹೊರಗೆ ಹಾಕುವಂತಿಲ್ಲ. ಮನೆಯ ಸೌಕರ್ಯಗಳನ್ನು ಬಳಸಬೇಡ ಅನ್ನುವಂತಿಲ್ಲ. ಕೋರ್ಟಿಗೆ ಹೋಗಿ ಅಂತ ಹೇಳುತ್ತಿಲ್ಲ, ಮನೆಯವರಿಗೆ ತಿಳಿದಿರಲಿ.

ವರದಾತೀರ
ತುಂಬ ಉಪಕಾರ. ಸೊಳ್ಳೆಯದ್ದನ್ನು ಅವ್ವನಿಗೆ ಓದಿ ಹೇಳಿದೆ. ಸುಮ್ಮನೆ ಕೇಳಿಸಿಕೊಂಡಳು.

ಇನ್ನೊಂದು ವಿಷಯ. ಊರಿಗೆ ಹೇಗೆ ಗೊತ್ತಾಯಿತು ಅಂದರೆ, ರಿಪೋರ್ಟ್ ಕೊಡುವಾಗ ಜೋರಾಗಿ ಹೇಳಿದರು. ಪಕ್ಕದಲ್ಲಿ ನಮ್ಮ ಓಣಿಯವರೊಬ್ಬರು ಕೂತಿದ್ದರು. ಸಂಜೆಗೆ ಹಾಲು ತರಲು ಹೋದಾಗ ಹೆಂಗಸರು ನನ್ನನ್ನು ನೋಡಿ ಮಾತು ನಿಲ್ಲಿಸಿದರು. ಯಾವ ಆಸ್ಪತ್ರೆ ಅಂತ ಹೇಳುವುದಿಲ್ಲ.

ಸೂರ್ಯಕಾಂತಿ
ಈ ಚರ್ಚೆ ಓದುತ್ತಾ ಸುಮ್ಮನಿರಲು ಆಗಲಿಲ್ಲ. ನನಗೆ ಎಚ್‌ಐವಿ ಇದೆ. ಮೊದಲ ಗಂಡ ಹೋದ ಮೇಲೆ ಗೊತ್ತಾಗಿದ್ದು. ಆಗ ಸರ್ಕಾರದ ಉಚಿತ ಎಆರ್‌ಟಿ ಮಾತ್ರೆ, ಅಂದರೆ ಎಚ್‌ಐವಿಯನ್ನು ಹತ್ತಿಕ್ಕುವ ಮಾತ್ರೆ, ಶುರುವಾಗಿ ಸ್ವಲ್ಪ ಕಾಲ ಆಗಿತ್ತು. 2004ರ ಏಪ್ರಿಲ್‌ನಲ್ಲಿ ಶುರುವಾಗಿದ್ದು, ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಆದರೆ ಆಗ ಎಲ್ಲರಿಗೂ ಕೊಡುತ್ತಿರಲಿಲ್ಲ. ಸಿಡಿ4 ಎಣಿಕೆ 200ಕ್ಕಿಂತ ಕೆಳಗಿಳಿಯಬೇಕಿತ್ತು. ಅಂದರೆ ನಾವು ಕೃಶವಾಗುವುದನ್ನು ಕಾಯಬೇಕಿತ್ತು.

ಮಾತ್ರೆಗಳೂ ಒಳ್ಳೆಯವಲ್ಲ. ಸ್ಟಾವುಡಿನ್ ಅಂತ ಒಂದಿತ್ತು. ಅದರಿಂದ ಅಂಗಾಲು ಉರಿಯುತ್ತಿತ್ತು, ರಾತ್ರಿ ಒದ್ದೆ ಬಟ್ಟೆ ಸುತ್ತಿಕೊಂಡು ಮಲಗುತ್ತಿದ್ದೆ. ಕೆನ್ನೆಯ ಕೊಬ್ಬು ಕರಗಿ ಗುಳಿ ಬೀಳುತ್ತಿತ್ತು. ಬಸ್ಸಿನಲ್ಲಿ ಎದುರಿಗೆ ಕೂತವಳ ಕೆನ್ನೆ ನೋಡಿದರೆ ಇವಳೂ ನಮ್ಮವಳೇ ಅಂತ ಗೊತ್ತಾಗುತ್ತಿತ್ತು. ಊರಿನವರಿಗೂ ಗೊತ್ತಾಗುತ್ತಿತ್ತು, ಅದೇ ಕಷ್ಟ. ಆ ಮಾತ್ರೆ ನಿಲ್ಲಿಸಿ ಬಹಳ ವರ್ಷವಾಯಿತು.

ಈಗ ಒಂದೇ ಮಾತ್ರೆ. ಟಿಎಲ್‌ಡಿ ಅಂತಾರೆ, ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಅದರಲ್ಲೇ. ರಾತ್ರಿ ಊಟ ಆದ ಮೇಲೆ ಒಂದು ನುಂಗಿ ಮಲಗುತ್ತೇನೆ. 2017ರಿಂದ ಸಿಡಿ4 ಎಷ್ಟೇ ಇರಲಿ, ಪಾಸಿಟಿವ್ ಅಂದ ಕೂಡಲೇ ಮಾತ್ರೆ ಕೊಡುತ್ತಾರೆ. ನಿಮ್ಮ ಅತ್ತಿಗೆಗೆ ಈ ಕಾಲದಲ್ಲಿ ಗೊತ್ತಾಯಿತಲ್ಲ, ಅದು ದೊಡ್ಡದು.

ನಾನು ಮತ್ತೆ ಮದುವೆಯಾದೆ. ಅವರಿಗೆ ಸೋಂಕಿಲ್ಲ, ಎಲ್ಲ ಗೊತ್ತಿದ್ದೇ ಆದದ್ದು. ಮಗಳಿದ್ದಾಳೆ, ಅವಳಿಗೂ ಇಲ್ಲ. ಒಂದೇ ಹಾಸಿಗೆ, ಒಂದೇ ಬಚ್ಚಲು, ಒಂದೇ ತಟ್ಟೆಯಲ್ಲಿ ಮಗಳಿಗೆ ಕಲಸಿ ತಿನ್ನಿಸಿದ್ದೇನೆ. ಅವ್ವನಿಗೆ ಇದನ್ನು ಓದಿ ಹೇಳಿ ತಂಗಿ.

ಗೇರುಬೀಜ
ಸೂರ್ಯಕಾಂತಿ ಅಕ್ಕ, ಕೈ ಮುಗಿಯುತ್ತೇನೆ. ಒಂದು ಕೇಳಲಾ? ನಿಮ್ಮವರಿಗೆ ಹೇಗೆ ಬರಲಿಲ್ಲ? ತಪ್ಪು ತಿಳಿಯಬೇಡಿ.

ಸೂರ್ಯಕಾಂತಿ
ತಪ್ಪೇನಿಲ್ಲ, ಕೇಳಬೇಕಾದ್ದೇ. ಮಾತ್ರೆ ತಪ್ಪಿಸದೆ ನುಂಗಿದರೆ ರಕ್ತದಲ್ಲಿ ವೈರಸ್ ಎಷ್ಟು ಇಳಿಯುತ್ತದೆ ಅಂದರೆ ಪರೀಕ್ಷೆಗೂ ಸಿಗುವುದಿಲ್ಲ. ಅದನ್ನು ವೈರಲ್ ಲೋಡ್ ಪರೀಕ್ಷೆ ಅಂತಾರೆ, ನನಗೆ ವರ್ಷಕ್ಕೊಮ್ಮೆ ಮಾಡುತ್ತಾರೆ. ಹಾಗೆ ಸಿಗದಷ್ಟು ಇಳಿದು ಹಾಗೇ ಉಳಿದರೆ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಹರಡುವುದಿಲ್ಲ. ಮಗು ಬೇಕು ಅಂದಾಗ ಎಆರ್‌ಟಿ ಸೆಂಟರಿನ ಡಾಕ್ಟರ್ ಜೊತೆ ಮಾತಾಡಿಯೇ ಮುಂದುವರಿದೆವು.

ಬಯಲುಸೀಮೆ
"ಹರಡುವುದೇ ಇಲ್ಲ" ಅನ್ನುವುದು ಸ್ವಲ್ಪ ಜಾಸ್ತಿ ಆಯಿತು ಅಲ್ವಾ? ಕಡಿಮೆ ಆಗುತ್ತದೆ ಅನ್ನಿ.

ಓದುಗ_ಶಿವಮೊಗ್ಗ
ಜಾಸ್ತಿ ಆಗಲಿಲ್ಲ. ಯುರೋಪಿನಲ್ಲಿ ಪಾರ್ಟ್ನರ್ ಅಂತ ಅಧ್ಯಯನ ಮಾಡಿದರು. ಒಬ್ಬರಿಗೆ ಸೋಂಕಿದೆ, ಮಾತ್ರೆಯಲ್ಲಿದ್ದಾರೆ, ವೈರಲ್ ಲೋಡ್ ಇಳಿದಿದೆ. ಇನ್ನೊಬ್ಬರಿಗೆ ಸೋಂಕಿಲ್ಲ. ಅಂಥ ಜೋಡಿಗಳು ಕಾಂಡೋಮ್ ಇಲ್ಲದೆ ಕೂಡಿದ್ದನ್ನು ವರ್ಷಗಟ್ಟಲೆ ಲೆಕ್ಕ ಇಟ್ಟರು. 2016ರಲ್ಲಿ ಬಂದ ವರದಿಯಲ್ಲಿ ಸುಮಾರು 58,000 ಸಲ. 2019ರಲ್ಲಿ ಬಂದ ಎರಡನೇ ವರದಿ ಗಂಡು-ಗಂಡು ಜೋಡಿಗಳದ್ದು, ಸುಮಾರು 76,000 ಸಲ. ಸಂಗಾತಿಯಿಂದ ಸಂಗಾತಿಗೆ ಹರಡಿದ್ದು ಎರಡರಲ್ಲೂ ಸೊನ್ನೆ. ಕೆಲವರಿಗೆ ಹೊಸದಾಗಿ ಸೋಂಕು ಬಂತು, ಆದರೆ ವೈರಸ್ಸಿನ ವಂಶ ನೋಡಿದಾಗ ಅದು ಹೊರಗಿನವರಿಂದ ಬಂದದ್ದು.

ಮಾತ್ರೆ ಬಿಟ್ಟರೆ ಮಾತ್ರ ಈ ಮಾತು ಅನ್ವಯಿಸುವುದಿಲ್ಲ.

ಅಜ್ಜಂಪುರ_ಹೈದ
ವೈರಸ್ ಪರೀಕ್ಷೆಗೇ ಸಿಗುವುದಿಲ್ಲ ಅಂದ ಮೇಲೆ ಮಾತ್ರೆ ಯಾಕೆ ಜೀವನಪೂರ್ತಿ? ನಮ್ಮ ಕಡೆ ಒಬ್ಬರು ನಾಟಿ ಔಷಧಿ ಕೊಡುತ್ತಾರೆ, ಪೂರ್ತಿ ವಾಸಿ ಆಗುತ್ತದಂತೆ.

ಲ್ಯಾಬ್‌ಮೇಜು
ದಯವಿಟ್ಟು ಇದನ್ನು ಹರಡಬೇಡಿ. ಅಂಥವರ ಹತ್ತಿರ ಹೋಗಿ ಮಾತ್ರೆ ಬಿಟ್ಟು, ಸ್ಟ್ರೆಚರ್ ಮೇಲೆ ವಾಪಸ್ ಬಂದವರನ್ನು ನಾನು ಕಣ್ಣಾರೆ ನೋಡಿದ್ದೇನೆ. ಏಡ್ಸ್ ವಾಸಿ ಮಾಡುತ್ತೇವೆ ಅಂತ ಔಷಧಿ ಮಾರುವುದೇ ನಮ್ಮ ದೇಶದಲ್ಲಿ ನಿಷಿದ್ಧ. ವಾಸಿ ಮಾಡುತ್ತೇವೆಂದು ಹೇಳಿಕೊಳ್ಳಬಾರದ ಕಾಯಿಲೆಗಳ ಪಟ್ಟಿ ಔಷಧ ನಿಯಮಗಳ ಷೆಡ್ಯೂಲ್ ಜೆಯಲ್ಲಿದೆ, ಅದರಲ್ಲಿ ಮೊದಲ ಹೆಸರೇ ಏಡ್ಸ್.

ಜೀವನಪೂರ್ತಿ ಯಾಕೆ ಅಂದರೆ, ಈ ವೈರಸ್ ತನ್ನ ನಕಲನ್ನು ನಮ್ಮ ಕಣಗಳ ಡಿಎನ್‌ಎ ಒಳಗೇ ಸೇರಿಸಿಬಿಡುತ್ತದೆ. ಅಂಥ ಕೆಲವು ಕಣಗಳು ಕೆಲಸ ಮಾಡದೆ ಸುಮ್ಮನೆ ಕೂತಿರುತ್ತವೆ. ಮಾತ್ರೆಗೆ ಅವು ಸಿಗುವುದಿಲ್ಲ. ಹೊಲದಲ್ಲಿ ಜೇಕು ಕಿತ್ತ ಹಾಗೆ ಇದು. ಮೇಲಿನದ್ದೆಲ್ಲ ಕಿತ್ತರೂ ಗೆಡ್ಡೆ ಮಣ್ಣಿನೊಳಗೆ ಉಳಿದಿರುತ್ತದೆ, ಕೈ ಬಿಟ್ಟ ಕೂಡಲೇ ಮೇಲೆ ಬರುತ್ತದೆ.

ಓದುಗ_ಶಿವಮೊಗ್ಗ
ವಾಸಿಯಾದವರು ಜಗತ್ತಿನಲ್ಲಿ ಇದ್ದಾರೆ, ಆದರೆ ಬೆರಳೆಣಿಕೆ. ಮೊದಲನೆಯವರು ಟಿಮೊಥಿ ರೇ ಬ್ರೌನ್. ಅವರಿಗೆ ರಕ್ತದ ಕ್ಯಾನ್ಸರ್ ಕೂಡ ಇತ್ತು. ಅದಕ್ಕಾಗಿ ಬರ್ಲಿನ್‌ನಲ್ಲಿ ಅಸ್ಥಿಮಜ್ಜೆಯ ಕಸಿ ಮಾಡಿದರು. ದಾನಿಯ ಕಣಗಳಲ್ಲಿ ವೈರಸ್ ಒಳನುಗ್ಗುವ ಬಾಗಿಲೇ ಹುಟ್ಟಿನಿಂದ ಇರಲಿಲ್ಲ. ಪ್ರಾಣಕ್ಕೇ ಅಪಾಯವಿರುವ ಚಿಕಿತ್ಸೆ ಅದು. ದಿನಕ್ಕೊಂದು ಮಾತ್ರೆಯಲ್ಲಿ ಪೂರ್ತಿ ಆಯಸ್ಸು ಬದುಕಬಹುದು ಅಂದಾಗ ಯಾರೂ ಅದಕ್ಕೆ ಕೈ ಹಾಕುವುದಿಲ್ಲ.

ಕರಾವಳಿಗ_ಕುವೈತ್
ನಮ್ಮ ಕಡೆಯ ಕಷ್ಟ ಬೇರೆ. ಮಂಗಳೂರು, ಉಡುಪಿ, ಭಟ್ಕಳದ ಹುಡುಗರು ಗಲ್ಫ್‌ಗೆ ಹೊರಡುವಾಗ ಮೆಡಿಕಲ್ ಇರುತ್ತದೆ. ಅದರಲ್ಲಿ ಎಚ್‌ಐವಿ ಪಾಸಿಟಿವ್ ಬಂದರೆ ಅನ್‌ಫಿಟ್ ಅಂತ ಬರೆಯುತ್ತಾರೆ, ವೀಸಾ ಹೋಯಿತು. ಇಲ್ಲಿಗೆ ಬಂದ ಮೇಲೆ ಗೊತ್ತಾದರೂ ವಾಪಸ್ ಕಳಿಸುತ್ತಾರೆ. ಆ ಹೆದರಿಕೆಗೆ ಸಂಶಯ ಬಂದವರೂ ಪರೀಕ್ಷೆಗೆ ಹೋಗುವುದಿಲ್ಲ. ಊರಿಗೆ ರಜೆಗೆ ಹೋದಾಗ ಹೆಂಡತಿಗೂ ಹೇಳುವುದಿಲ್ಲ.

ನನ್ನದೊಂದು ಪ್ರಶ್ನೆ. ನೋಡಿದರೆ ಗೊತ್ತಾಗುತ್ತದಾ? ಜ್ವರ ಅಥವಾ ಬೇರೆ ಏನಾದರೂ?

ನರ್ಸಕ್ಕ_ಕಲಬುರಗಿ
ನೋಡಿದರೆ ಗೊತ್ತಾಗುವುದಿಲ್ಲ ಅಣ್ಣ. ಸೋಂಕು ತಗುಲಿ ಎರಡರಿಂದ ನಾಲ್ಕು ವಾರಕ್ಕೆ ಕೆಲವರಿಗೆ ಜ್ವರ, ಗಂಟಲು ನೋವು, ಮೈಮೇಲೆ ದದ್ದು ಬರಬಹುದು. ಫ್ಲೂ ಅಂದುಕೊಂಡು ಮರೆಯುತ್ತಾರೆ. ಆಮೇಲೆ ವರ್ಷಗಟ್ಟಲೆ ಏನೂ ಇರುವುದಿಲ್ಲ, ಎಂಟು ಹತ್ತು ವರ್ಷ ಹೀಗೇ ಹೋಗುವುದುಂಟು. ಆ ಹೊತ್ತಿನಲ್ಲಿ ಸಿಡಿ4 ಕಣಗಳು ನಿಧಾನವಾಗಿ ಕರಗುತ್ತಿರುತ್ತವೆ. 200ಕ್ಕಿಂತ ಕೆಳಗಿಳಿದಾಗ ಅಥವಾ ಕೆಲವು ದೊಡ್ಡ ಸೋಂಕುಗಳು ಕಾಣಿಸಿಕೊಂಡಾಗ ಏಡ್ಸ್ ಹಂತ ಅಂತಾರೆ. ನಮ್ಮಲ್ಲಿ ಎಲ್ಲಕ್ಕಿಂತ ಜಾಸ್ತಿ ಬರುವುದು ಟಿಬಿ.

ಇನ್ನೊಂದು ಸಂಗತಿ, ಆ ಮೊದಲ ಕೆಲವು ವಾರಗಳಲ್ಲಿ ರಕ್ತದಲ್ಲಿ ವೈರಸ್ ವಿಪರೀತ ಇರುತ್ತದೆ. ತನಗಿದೆ ಅಂತ ಗೊತ್ತೇ ಇಲ್ಲದ ಹೊತ್ತಿನಲ್ಲೇ ಇನ್ನೊಬ್ಬರಿಗೆ ಹರಡುವ ಸಾಧ್ಯತೆ ಜಾಸ್ತಿ.

ಗೇರುಬೀಜ
ಕಟಿಂಗ್ ಶಾಪಿನ ಬ್ಲೇಡ್? ಜಾತ್ರೆಯಲ್ಲಿ ಹಚ್ಚೆ ಹಾಕಿಸಿಕೊಳ್ಳುವುದು? ನನ್ನ ತಮ್ಮ ಹೋದ ತಿಂಗಳು ಹಾಕಿಸಿಕೊಂಡು ಬಂದಿದ್ದಾನೆ, ಒಂದೇ ಸೂಜಿಯಲ್ಲಿ ಎಲ್ಲರಿಗೂ ಹಾಕುತ್ತಿದ್ದರಂತೆ.

ಲ್ಯಾಬ್‌ಮೇಜು
ಬ್ಲೇಡಿನಿಂದ ಎಚ್‌ಐವಿ ಬರುವ ಸಾಧ್ಯತೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹೊಸ ಬ್ಲೇಡ್ ಹಾಕಿ ಅಂತ ಕೇಳಿ, ಅಷ್ಟು ಸಾಕು. ಹಚ್ಚೆಯ ಸೂಜಿಯಲ್ಲಿ ಎಚ್‌ಐವಿಗಿಂತ ಹೆಪಟೈಟಿಸ್ ಬಿಯ ಹೆದರಿಕೆ ಜಾಸ್ತಿ. ಅದು ಒಣಗಿದ ರಕ್ತದಲ್ಲೂ ದಿನಗಟ್ಟಲೆ ಬದುಕುತ್ತದೆ. ನಿಮ್ಮ ತಮ್ಮನಿಗೆ ಎಚ್‌ಐವಿ, ಹೆಪಟೈಟಿಸ್ ಬಿ, ಸಿ ಮೂರನ್ನೂ ಪರೀಕ್ಷೆ ಮಾಡಿಸಿ. ಹೆಪಟೈಟಿಸ್ ಬಿಗೆ ಲಸಿಕೆ ಇದೆ, ಹಾಕಿಸಿಕೊಂಡಿರದಿದ್ದರೆ ಹಾಕಿಸಿ.

ಹಳೇ_ಮೈಸೂರು
ಸೂಜಿ ಅಂದಾಗ ಹಳ್ಳಿಯ ನಕಲಿ ಡಾಕ್ಟರುಗಳ ವಿಷಯ ಬರಲೇಬೇಕು. ಎಲ್ಲದಕ್ಕೂ ಇಂಜೆಕ್ಷನ್. ಒಂದೇ ಸಿರಿಂಜು, ಬಿಸಿನೀರಲ್ಲಿ ಅದ್ದಿ ಮತ್ತೆ ಚುಚ್ಚುವುದು. ಉತ್ತರ ಪ್ರದೇಶದ ಉನ್ನಾವ್ ಜಿಲ್ಲೆಯ ಬಂಗಾರ್‌ಮವು ಅನ್ನುವಲ್ಲಿ ಹೀಗೇ ಹಲವರಿಗೆ ಸೋಂಕಾಗಿದ್ದು 2018ರಲ್ಲಿ ಸುದ್ದಿಯಾಗಿತ್ತು. ಮರುವರ್ಷ ಪಾಕಿಸ್ತಾನದ ರತೋದೆರೊ ಊರಿನಲ್ಲಿ ನೂರಾರು ಮಕ್ಕಳಿಗೆ ಬಂತು, ಅಲ್ಲೂ ಮರುಬಳಕೆಯ ಸಿರಿಂಜು. ಅಪ್ಪ ಅಮ್ಮನಿಗೆ ಇಲ್ಲ, ಮಗುವಿಗೆ ಇದೆ. ಯಾರ ನಡತೆಯ ಮಾತಾಡುತ್ತೀರಿ ಅಲ್ಲಿ? ನಿಮ್ಮ ಕಣ್ಣೆದುರೇ ಪ್ಯಾಕೆಟ್ ಹರಿದು ಸಿರಿಂಜು ತೆಗೆಯಬೇಕು. ಮಾತ್ರೆಯಲ್ಲಿ ಹೋಗುವ ಜ್ವರಕ್ಕೆ ಇಂಜೆಕ್ಷನ್ ಕೇಳಲೇಬೇಡಿ.

ಅಜ್ಜಂಪುರ_ಹೈದ
ರಕ್ತದಾನ ಮಾಡಿದರೆ ಬರುತ್ತದಾ? ನಮ್ಮ ಕಾಲೇಜಿನ ಕ್ಯಾಂಪಿಗೆ ಅರ್ಧ ಜನ ಇದೇ ಹೆದರಿಕೆಗೆ ಬರುವುದಿಲ್ಲ.

ಲ್ಯಾಬ್‌ಮೇಜು
ಕೊಡುವವರಿಗೆ ಬರುವುದಿಲ್ಲ, ಸೂಜಿ ಬ್ಯಾಗು ಎಲ್ಲ ಹೊಸದು. ತೆಗೆದುಕೊಳ್ಳುವವರ ವಿಷಯ ಬೇರೆ. ಸೋಂಕಿರುವ ರಕ್ತ ಏರಿಸಿದರೆ 10,000ದಲ್ಲಿ 9,250 ಜನಕ್ಕೆ ಸೋಂಕು ಖಂಡಿತ, ಅಷ್ಟು ಜೋರು. ಅದಕ್ಕೇ ಪ್ರತಿ ಬಾಟಲಿಗೂ ಪರೀಕ್ಷೆ. ದುಡ್ಡಿಗಾಗಿ ರಕ್ತ ಮಾರುವುದನ್ನು ಸುಪ್ರೀಂ ಕೋರ್ಟ್ 1996ರ ತೀರ್ಪಿನಲ್ಲಿ ನಿಲ್ಲಿಸಿದ ಮೇಲೆ ಬಹಳ ಸುಧಾರಿಸಿತು. ಆದರೆ ಒಂದು ಮಾತು. ತನಗೆ ಎಚ್‌ಐವಿ ಇದೆಯಾ ಅಂತ ತಿಳಿಯಲು ರಕ್ತದಾನ ಮಾಡುವವರಿದ್ದಾರೆ. ಅದು ದೊಡ್ಡ ಅಪರಾಧ. ಹೊಸ ಸೋಂಕು ಪರೀಕ್ಷೆಯಲ್ಲಿ ಕಾಣದೇ ಹೋದರೆ ಆ ರಕ್ತ ಒಂದು ಮಗುವಿಗೆ ಹೋಗಬಹುದು. ಸಂಶಯ ಇದ್ದವರು ಐಸಿಟಿಸಿಗೆ ಬನ್ನಿ.

ಗೇರುಬೀಜ
ಹಾಗಾದರೆ ಲೈಂಗಿಕ ಸಂಪರ್ಕದಲ್ಲಿ ಎಷ್ಟು?

ಲ್ಯಾಬ್‌ಮೇಜು
ಚಿಕಿತ್ಸೆ ಇಲ್ಲದ ಸಂಗಾತಿಯಿಂದ, ಕಾಂಡೋಮ್ ಇಲ್ಲದೆ, ಒಂದು ಸಲಕ್ಕೆ ಲೆಕ್ಕ ಹಾಕಿದರೆ: ಯೋನಿ ಸಂಭೋಗದಲ್ಲಿ ಗಂಡಿನಿಂದ ಹೆಣ್ಣಿಗೆ 10,000ಕ್ಕೆ 8, ಹೆಣ್ಣಿನಿಂದ ಗಂಡಿಗೆ 4. ಗುದ ಸಂಭೋಗದಲ್ಲಿ ಸ್ವೀಕರಿಸುವವರಿಗೆ 138. ಆಸ್ಪತ್ರೆಯ ಸೂಜಿ ಅಕಸ್ಮಾತ್ ಚುಚ್ಚಿದರೆ 23.

ಬಯಲುಸೀಮೆ
8 ಅಂದರೆ ಏನೂ ಅಲ್ಲ! ಮತ್ತೆ ಇಷ್ಟೆಲ್ಲ ಹೇಗೆ ಹರಡಿತು? ಲೆಕ್ಕ ಕೂಡುತ್ತಿಲ್ಲ.

ನರ್ಸಕ್ಕ_ಕಲಬುರಗಿ
ಅದು ಒಂದು ಸಲದ ಸರಾಸರಿ. ಗಂಡ ಹೆಂಡತಿ ಒಂದು ಸಲ ಕೂಡಿ ಬಿಡುವವರಾ? ವರ್ಷಗಟ್ಟಲೆ ಬದುಕುತ್ತಾರೆ. ಜೊತೆಗೆ ಹೊಸ ಸೋಂಕು ಇದ್ದರೆ ಈ ಅಂಕಿ ಎಷ್ಟೋ ಪಟ್ಟು ಏರುತ್ತದೆ. ಯಾರಿಗಾದರೂ ಹುಣ್ಣಿನ ಲೈಂಗಿಕ ರೋಗ ಇದ್ದರೂ ಏರುತ್ತದೆ. ಒಂದೇ ಸಲಕ್ಕೆ ತಗುಲಿದವರೂ ಇದ್ದಾರೆ. ಈ ಅಂಕಿ ನೋಡಿ ಧೈರ್ಯ ಮಾಡಬೇಡಿ, ಕಾಂಡೋಮ್ ಬಳಸಿ.

ನಮ್ಮ ನರ್ಸ್ ಹುಡುಗಿಯರಿಗೂ ಹೇಳುತ್ತೇನೆ. ಸೂಜಿ ಚುಚ್ಚಿದರೆ ಹಿಂಡಬೇಡಿ, ಸೋಪು ನೀರಿನಲ್ಲಿ ತೊಳೆದು ಕೂಡಲೇ ಡಾಕ್ಟರಿಗೆ ಹೇಳಿ. ಸೋಂಕು ತಗುಲದ ಹಾಗೆ ತಡೆಯುವ ಪಿಇಪಿ ಮಾತ್ರೆ ಆದಷ್ಟು ಬೇಗ ಶುರು ಮಾಡಬೇಕು, 72 ಗಂಟೆ ದಾಟಿದರೆ ಪ್ರಯೋಜನವಿಲ್ಲ. 28 ದಿನ ನುಂಗಬೇಕು. ಅತ್ಯಾಚಾರಕ್ಕೆ ಒಳಗಾದವರಿಗೂ ಇದೇ ಮಾತ್ರೆ ಕೊಡುತ್ತಾರೆ. ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ವರದಾತೀರ
ನರ್ಸಕ್ಕ, ತಾಯಿ ಕಾರ್ಡ್ ಸಿಕ್ಕಿತು. ಟ್ರಂಕಿನಲ್ಲಿ ಮಗುವಿನ ಲಸಿಕೆ ಚೀಟಿ ಜೊತೆ ಇತ್ತು. 2021ರಲ್ಲಿ ಬರೆದದ್ದು, ಎಚ್‌ಐವಿ ನೆಗೆಟಿವ್. ಮದುವೆ ಆಗಿದ್ದು 2019ರಲ್ಲಿ. ಕಾರ್ಡನ್ನು ಅವ್ವನ ಕೈಗೆ ಕೊಟ್ಟೆ. ಅವಳಿಗೆ ಓದಲು ಬರುವುದಿಲ್ಲ, ಅಣ್ಣನೇ ಓದಿ ಹೇಳಬೇಕಾಯಿತು. ಓದಿ ಎದ್ದು ಹೊರಗೆ ಹೋದ. ಮರುದಿನ ತಾನೇ "ನಡಿ, ಟೆಸ್ಟ್ ಮಾಡಿಸೋಣ" ಅಂದ.

ಪುಟ್ಟಗೌರಿ
ಅಬ್ಬಾ, ಈ ಕಾರ್ಡ್ ಇಟ್ಟುಕೊಂಡಿದ್ದು ಎಷ್ಟು ಒಳ್ಳೆಯದಾಯಿತು.

ನರ್ಸಕ್ಕ_ಕಲಬುರಗಿ
ಒಳ್ಳೆಯದು. ಆದರೆ ಒಂದು ಕೆಲಸ ಬಾಕಿ ಇದೆ. ಆಗ ನೆಗೆಟಿವ್ ಇದ್ದರೂ ಸೋಂಕು ನಂತರ ಯಾವಾಗ ಬಂತು ಅಂತ ನಮಗೆ ಗೊತ್ತಿಲ್ಲ. ಮಗ ಎದೆಹಾಲು ಕುಡಿಯುತ್ತಿದ್ದಾಗಲೇ ಬಂದಿದ್ದರೆ? ಅವನಿಗೂ ಪರೀಕ್ಷೆ ಮಾಡಿಸಿ. 18 ತಿಂಗಳು ದಾಟಿದ ಮಕ್ಕಳಿಗೆ ದೊಡ್ಡವರ ಹಾಗೇ ಸಾಮಾನ್ಯ ಟೆಸ್ಟ್ ಸಾಕು.

ವರದಾತೀರ
ಇಬ್ಬರದ್ದೂ ಆಯಿತು. ಮಗನಿಗೆ ನೆಗೆಟಿವ್. ಅಣ್ಣನಿಗೆ ಪಾಸಿಟಿವ್. ಸಿಡಿ4 180 ಅಂತ ಬಂದಿದೆ, ಅತ್ತಿಗೆಯದ್ದು 540. ಅಂದರೆ ಅಣ್ಣನಿಗೇ ಮೊದಲು ಬಂದಿದೆ ಅಂತ ಆಯಿತಲ್ಲ?

ಲ್ಯಾಬ್‌ಮೇಜು
ಸಿಡಿ4 ನೋಡಿ ಹಾಗೆ ಹೇಳಲು ಬರುವುದಿಲ್ಲ. ಒಬ್ಬೊಬ್ಬರಲ್ಲಿ ಒಂದೊಂದು ವೇಗದಲ್ಲಿ ಇಳಿಯುತ್ತದೆ. ಬಸುರಿಯರಲ್ಲಿ ಎಣಿಕೆಯೇ ಸ್ವಲ್ಪ ಕಡಿಮೆ ತೋರಿಸುತ್ತದೆ. ಯಾರಿಂದ ಯಾರಿಗೆ ಅನ್ನುವ ಪಂಚಾಯ್ತಿ ಇಲ್ಲಿಗೆ ಬಿಡಿ, ಅದರಿಂದ ಇಬ್ಬರಿಗೂ ಔಷಧಿ ಸಿಗುವುದಿಲ್ಲ. ಅತ್ತಿಗೆಯ ಮೇಲಿದ್ದ ಬೈಗುಳವನ್ನು ಅಣ್ಣನ ತಲೆಗೆ ಹಾಕುವುದೂ ಬೇಡ. ಅವರು ಮಾತ್ರೆ ಬಿಟ್ಟು ಊರು ಬಿಟ್ಟರೆ ಕಷ್ಟ.

180 ಅಂದರೆ ಈಗ ಮನೆಯಲ್ಲಿ ಹೆಚ್ಚು ಜೋಪಾನ ಬೇಕಾದ್ದು ಅಣ್ಣನಿಗೆ. ಕೆಮ್ಮು, ಜ್ವರ, ತೂಕ ಇಳಿಯುವುದು, ರಾತ್ರಿ ಬೆವರು ಇದೆಯಾ?

ವರದಾತೀರ
ಕೆಮ್ಮು ಇದೆ. ಬೀಡಿ ಸೇದುತ್ತಾನೆ, ಅದಕ್ಕೆ ಅಂದುಕೊಂಡಿದ್ದೆವು.

ಲ್ಯಾಬ್‌ಮೇಜು
ನಾಳೆಯೇ ಕಫ ಪರೀಕ್ಷೆ. ಮನೆಯವರಿಗೆ ಗಾಳಿಯಲ್ಲಿ ಹರಡುವುದು ಟಿಬಿ, ಎಚ್‌ಐವಿ ಅಲ್ಲ. ಟಿಬಿ ಇದ್ದರೆ ಮೊದಲು ಅದರ ಮಾತ್ರೆ ಶುರು ಮಾಡಿ, ಎರಡು ವಾರದೊಳಗೆ ಎಚ್‌ಐವಿ ಮಾತ್ರೆ ಕೊಡುವುದು ರೂಢಿ. ಟಿಬಿಯ ರಿಫಾಂಪಿಸಿನ್ ಜೊತೆಗೆ ಡೊಲುಟೆಗ್ರಾವಿರ್ ದಿನಕ್ಕೆ ಇನ್ನೊಂದು ಸಲ ಬೇಕಾಗುತ್ತದೆ. ಇಲ್ಲದಿದ್ದರೆ ಕೆಲಸ ಮಾಡುವುದಿಲ್ಲ. ಟಿಬಿ ಇಲ್ಲ ಅಂತಾದರೆ ಬರದ ಹಾಗೆ ತಡೆಯುವ ಮಾತ್ರೆ ಕೊಡುತ್ತಾರೆ. ಎಆರ್‌ಟಿ ಸೆಂಟರಿನಲ್ಲಿ ಎರಡೂ ವಿಷಯ ಹೇಳಿ.

ಸೂರ್ಯಕಾಂತಿ
ಅತ್ತಿಗೆಗೆ ಒಂದು ಮಾತು ಹೇಳಿ ತಂಗಿ. ಬಸುರಿಯರಿಗೆ ಐರನ್, ಕ್ಯಾಲ್ಸಿಯಂ ಮಾತ್ರೆ ಕೊಟ್ಟಿರುತ್ತಾರಲ್ಲ, ಖಾಲಿ ಹೊಟ್ಟೆಯಲ್ಲಿ ಅವುಗಳ ಜೊತೆ ಟಿಎಲ್‌ಡಿ ನುಂಗಬಾರದು, ಔಷಧಿ ಮೈಗೆ ಹತ್ತುವುದಿಲ್ಲ. ಅವುಗಳಿಗೆ 2 ಗಂಟೆ ಮೊದಲು ಅಥವಾ 6 ಗಂಟೆ ಆದ ಮೇಲೆ ಟಿಎಲ್‌ಡಿ ನುಂಗಬೇಕು. ನಾನು ಐರನ್ ಬೆಳಿಗ್ಗೆ, ಟಿಎಲ್‌ಡಿ ರಾತ್ರಿ ಅಂತ ಇಟ್ಟುಕೊಂಡಿದ್ದೆ. ಎಷ್ಟೋ ಕಡೆ ಇದನ್ನು ಹೇಳುವುದೇ ಇಲ್ಲ.

ವರದಾತೀರ
ಅಯ್ಯೋ ಅಕ್ಕ, ಎಲ್ಲವನ್ನೂ ಬೆಳಿಗ್ಗೆ ಚಹಾಕ್ಕೆ ಮುಂಚೆ ಒಟ್ಟಿಗೆ ನುಂಗುತ್ತಿದ್ದಳು. ಇವತ್ತಿನಿಂದಲೇ ಬದಲಾಯಿಸುತ್ತೇನೆ. ಹುಟ್ಟುವ ಮಗುವಿಗೆ ಬರುತ್ತದಾ? ಆಪರೇಷನ್ನೇ ಆಗಬೇಕಾ? ಹಾಲು ಕುಡಿಸಬಹುದಾ?

ನರ್ಸಕ್ಕ_ಕಲಬುರಗಿ
ತಾಯಿಗೆ ಏನೂ ಚಿಕಿತ್ಸೆ ಇಲ್ಲದಿದ್ದರೆ ನೂರಕ್ಕೆ 15ರಿಂದ 45 ಮಕ್ಕಳಿಗೆ ಸೋಂಕಾಗುತ್ತದೆ. ಚಿಕಿತ್ಸೆ ಸರಿಯಾಗಿ ಆದರೆ 5ಕ್ಕಿಂತ ಕಡಿಮೆ. ಐದನೇ ತಿಂಗಳಲ್ಲೇ ಮಾತ್ರೆ ಶುರುವಾಗಿದೆ, ಧೈರ್ಯವಾಗಿರಿ. 32ರಿಂದ 36ನೇ ವಾರದ ಹೊತ್ತಿಗೆ ವೈರಲ್ ಲೋಡ್ ಪರೀಕ್ಷೆ ಕೇಳಿ ಮಾಡಿಸಿ. ಅದು ಇಳಿದಿದ್ದರೆ ನಾರ್ಮಲ್ ಹೆರಿಗೆಗೆ ಅಡ್ಡಿ ಇಲ್ಲ, ಎಚ್‌ಐವಿ ಅನ್ನುವ ಒಂದೇ ಕಾರಣಕ್ಕೆ ಹೊಟ್ಟೆ ಕೊಯ್ಯಬೇಕಾಗಿಲ್ಲ. ಆಸ್ಪತ್ರೆಯಲ್ಲೇ ಹೆರಿಗೆಯಾಗಬೇಕು. ಮಗುವಿಗೆ ಹುಟ್ಟಿದ ಕೂಡಲೇ ಸಿರಪ್ ಶುರು ಮಾಡುತ್ತಾರೆ, ಕನಿಷ್ಠ ಆರು ವಾರ. ಆರನೇ ವಾರಕ್ಕೆ ಹಿಮ್ಮಡಿ ಚುಚ್ಚಿ ಕಾಗದದ ಮೇಲೆ ರಕ್ತದ ಚುಕ್ಕೆ ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಕೊನೆಯ ಪರೀಕ್ಷೆ 18 ತಿಂಗಳಿಗೆ.

ತಾಯಿ ಮಾತ್ರೆ ತಪ್ಪಿಸದೆ ನುಂಗುತ್ತಿದ್ದರೆ ಹಾಲು ಕುಡಿಸಬಹುದು. ಆರು ತಿಂಗಳು ಬರೀ ಎದೆಹಾಲು. ನಡುವೆ ಜೇನು, ಬಜೆ, ಹಸುವಿನ ಹಾಲು ಅಂತ ಬೆರೆಸಬಾರದು. ಬೆರೆಸಿದಾಗಲೇ ಸೋಂಕು ಹೆಚ್ಚು ಆಗುವುದು ಕಂಡುಬಂದಿದೆ. ನಿಮ್ಮ ಅವ್ವನಿಗೆ ಈ ಮಾತು ಒತ್ತಿ ಹೇಳಿ, ಬಾಣಂತನದಲ್ಲಿ ಬಜೆ ತೇಯುವುದು ಅವರೇ ತಾನೇ.

ಬಯಲುಸೀಮೆ
ಮದುವೆ ಟೆಸ್ಟ್ ವಿಷಯದಲ್ಲಿ ನನ್ನ ಅಭಿಪ್ರಾಯ ಈಗಲೂ ಅದೇ. ಆದರೆ ಅವ್ವ ಏನಂದರು? ಹೇಳಲೇ ಇಲ್ಲವಲ್ಲ.

ವರದಾತೀರ
ಏನೂ ಅನ್ನಲಿಲ್ಲ. ಮಗನನ್ನು ಅತ್ತಿಗೆ ಪಕ್ಕ ಮಲಗಿಸಲು ಬಿಟ್ಟಿದ್ದಾಳೆ. ತಟ್ಟೆ ಇನ್ನೂ ಬೇರೆಯೇ ಇದೆ. ನಾನು ಮತ್ತು ಅಣ್ಣ ಅತ್ತಿಗೆಯ ಜೊತೆಗೇ ಊಟಕ್ಕೆ ಕೂರುತ್ತಿದ್ದೇವೆ. ಕಫ ಪರೀಕ್ಷೆಗೆ ಕೊಟ್ಟಿದ್ದೇವೆ, ಫಲಿತಾಂಶ ಬಂದಿಲ್ಲ.

ಕೃಷ್ಣಾತೀರ
ಬಿಡಬೇಡಿ ತಂಗಿ. ಇನ್ನೊಂದು, ಎಚ್‌ಐವಿ ಇರುವ ಹೆಣ್ಣುಮಕ್ಕಳಿಗೆ ಸ್ವಂತ ಉದ್ಯೋಗಕ್ಕೆ ಧನಶ್ರೀ ಅಂತ ಯೋಜನೆ ಇದೆ, ರಾಜ್ಯದ ಮಹಿಳಾ ಅಭಿವೃದ್ಧಿ ನಿಗಮದ್ದು. ಹೆರಿಗೆ ಆಗಿ ಸುಧಾರಿಸಿಕೊಂಡ ಮೇಲೆ ವಿಚಾರಿಸಿ.

ಕರಾವಳಿಗ_ಕುವೈತ್
ನನ್ನ ರೂಮಿನವನೊಬ್ಬ ಇದನ್ನೆಲ್ಲ ಓದಿ ಕೇಳುತ್ತಿದ್ದಾನೆ. ಮುಂದಿನ ತಿಂಗಳು ಊರಿಗೆ ಬರುತ್ತಾನೆ. ಊರಿನ ಆಸ್ಪತ್ರೆಯಲ್ಲಿ ಎಲ್ಲರೂ ಪರಿಚಯದವರು. ಯಾರಿಗೂ ಗೊತ್ತಾಗದ ಹಾಗೆ ಟೆಸ್ಟ್ ಮಾಡಿಸಬಹುದಾ?

ಲ್ಯಾಬ್‌ಮೇಜು
ಬೇರೆ ತಾಲೂಕು, ಬೇರೆ ಜಿಲ್ಲೆ, ಯಾವ ಐಸಿಟಿಸಿಗೆ ಬೇಕಾದರೂ ಹೋಗಲಿ. ಪರೀಕ್ಷೆಗೆ ಮುಂಚೆ ಕೌನ್ಸೆಲರ್ ಕೋಣೆಯಲ್ಲಿ ಒಬ್ಬರನ್ನೇ ಕೂರಿಸಿ ಮಾತಾಡುತ್ತಾರೆ. ಪಾಸಿಟಿವ್ ಅಂತ ಹೇಳುವ ಮುಂಚೆ ಬೇರೆ ಬೇರೆ ಮೂರು ಕಿಟ್‌ಗಳಲ್ಲಿ ಮಾಡಿ ನೋಡುತ್ತಾರೆ, ಒಂದೇ ಗೆರೆ ನೋಡಿ ಹೇಳಿಬಿಡುವುದಿಲ್ಲ. ಹೊರಡುವ ಮುಂಚೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಕರೆ ಮಾಡಿದರೆ ಹತ್ತಿರದ ಸೆಂಟರ್ ಎಲ್ಲಿದೆ ಅಂತ ಹೇಳುತ್ತಾರೆ. ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅದು ಭಾರತದೊಳಗಿನ ನಂಬರು, ಹಾಗಾಗಿ ಊರಿಗೆ ಬಂದ ಮೇಲೆ ಮಾಡಲಿ. ಮತ್ತೆ, ಸಂಶಯದ ಸಂಪರ್ಕ ಆಗಿ ಎಷ್ಟು ದಿನ ಆಯಿತು ಅಂತ ಅವರಿಗೆ ಮರೆಯದೆ ಹೇಳಲಿ. 90 ದಿನ ಆಗಿರದಿದ್ದರೆ ಮತ್ತೊಮ್ಮೆ ಬರಲು ಹೇಳುತ್ತಾರೆ, ಅಲ್ಲಿಯವರೆಗೆ ಹೆಂಡತಿ ಜೊತೆ ಕಾಂಡೋಮ್.